ಅಮ್ಮನ ಕೆಳಗಿನ ಮುಂದಿನ ಹಲ್ಲುಗಳು ಅಲ್ಲಾಡುತ್ತಿವೆ: ಕೀಳಿಸೋದಾ, ಉಳಿಸಿಕೊಳ್ಳೋದಾ?

ಚನ್ನಗಿರಿ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನಿಗೆ 58 ವರ್ಷ. ಕೆಳಗಿನ ಸಾಲಿನ ಮುಂದಿನ ನಾಲ್ಕು ಹಲ್ಲು ಅಲ್ಲಾಡುತ್ತಿವೆ. ಅದರಲ್ಲಿ ಒಂದಂತೂ ನಾಲಿಗೆ ತಾಗಿದರೂ ಮುಂದಕ್ಕೆ ಬಾಗುತ್ತೆ. ನೋವು ಇಲ್ಲ. ಹಲ್ಲುಜ್ಜುವಾಗ ರಕ್ತ ಬರುತ್ತೆ, ಬಾಯಿ ವಾಸನೆಯೂ ಇದೆ. ಹುಳುಕು ಮಾತ್ರ ಒಂದೂ ಇಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೋತಾರೆ. ಊಟ ಆದ ಮೇಲೆ ಎಲೆಅಡಿಕೆ ಬೇಕೇ ಬೇಕು, ಹೊಗೆಸೊಪ್ಪು ಹಾಕಲ್ಲ.

ಒಂದು ಕ್ಲಿನಿಕ್ಕಿನಲ್ಲಿ ಮುಂದಿನ ಆರೂ ಹಲ್ಲು ತೆಗೆದು ಇಂಪ್ಲಾಂಟ್ (ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಕಟ್ಟೋ ಹಲ್ಲು) ಹಾಕೋಣ ಅಂದರು. ಇನ್ನೊಂದು ಕಡೆ ಮೊದಲು ವಸಡಿಗೆ ಚಿಕಿತ್ಸೆ ಮಾಡೋಣ, ಆಮೇಲೆ ನೋಡೋಣ ಅಂದರು. ಅಣ್ಣ ದುಡ್ಡು ಹೋದರೆ ಹೋಗಲಿ, ಒಂದೇ ಸಲಕ್ಕೆ ಮುಗಿಸಿಬಿಡೋಣ ಅಂತಾನೆ. ಅಮ್ಮ ಎರಡಕ್ಕೂ ಒಪ್ಪುತ್ತಿಲ್ಲ. ಕ್ಲೀನಿಂಗ್ ಮಾಡಿಸಿದರೆ ಇರೋ ಹಲ್ಲೂ ಸಡಿಲ ಆಗುತ್ತೆ ಅಂತ ಚಿಕ್ಕಮ್ಮ ಹೆದರಿಸಿದ್ದಾರೆ. ದೊಡ್ಡವರಲ್ಲಿ ಅಲ್ಲಾಡೋ ಹಲ್ಲು ಮತ್ತೆ ಗಟ್ಟಿ ಆಗುತ್ತಾ? ಗೊತ್ತಿದ್ದವರು ಹೇಳಿ.

ಶಿವಮೊಗ್ಗ ಮೇಷ್ಟ್ರು

ತಂಗಿ, ನನ್ನ ಕೆಳಗಿನ ಹಲ್ಲುಗಳದ್ದೂ ಇದೇ ಕಥೆ ಆಗಿತ್ತು. ಕೀಳಿಸಲಿಲ್ಲ. ಆಳದ ಕ್ಲೀನಿಂಗ್ ಮಾಡಿದರು, ವಸಡಿಗೆ ಸಣ್ಣ ಆಪರೇಷನ್ ಆಯಿತು, ಹಲ್ಲುಗಳ ಹಿಂದೆ ತಂತಿ ಅಂಟಿಸಿದರು. ಈಗಲೂ ಅವೇ ಹಲ್ಲಲ್ಲಿ ಊಟ ಮಾಡ್ತೀನಿ. ಕಬ್ಬು, ಚಕ್ಕುಲಿ ಮುಂದಿನ ಹಲ್ಲಲ್ಲಿ ಕಚ್ಚೋದು ಮಾತ್ರ ಬಿಟ್ಟೆ.

ಕೀಳೋ ಮುಂಚೆ ವಸಡಿನ ತಜ್ಞರಿಗೆ ಒಂದು ಸಲ ತೋರಿಸಿ. ಎಲ್ಲ ಹಲ್ಲಿನ ಡಾಕ್ಟರೂ ಅದೇ ಕೆಲಸ ಮಾಡಲ್ಲ.

ವಸಡಿನ ಡಾಕ್ಟರ್

ನಮಸ್ಕಾರ. ನಾನು ವಸಡಿನ ವಿಭಾಗದಲ್ಲಿ ಎಂಡಿಎಸ್ ಮಾಡಿದವಳು. ಬಾಯಿ ನೋಡದೆ ಇದೇ ಮಾಡಿಸಿ ಅಂತ ಹೇಳಲಾರೆ. ಆದರೆ ಆರು ಹಲ್ಲು ಕೀಳಿಸೋ ಮುಂಚೆ ನಿಮ್ಮ ಕೈಯಲ್ಲಿ ಒಂದು ವಿಷಯ ಇರಲೇಬೇಕು: ಹಲ್ಲು ಯಾಕೆ ಅಲ್ಲಾಡುತ್ತಿದೆ ಅನ್ನೋದು. ಯಾವ ಹಲ್ಲು ಉಳಿಯುತ್ತೆ ಅನ್ನೋ ಲೆಕ್ಕ ಅಲ್ಲಿಂದಲೇ ಶುರು.

ನೀವು ಹೇಳಿದ ಲಕ್ಷಣ ನೋಡಿದರೆ ವಸಡಿನ ಕಾಯಿಲೆ ಇರಬಹುದು. ಹಲ್ಲಿನ ಬುಡದಲ್ಲಿ ಕೂತ ಪಾಚಿಯಲ್ಲಿ ಬ್ಯಾಕ್ಟೀರಿಯಾ ಇರುತ್ತೆ. ತೆಗೆಯದಿದ್ದರೆ ಅದು ಕಲ್ಲಿನಂತೆ ಗಟ್ಟಿಯಾಗುತ್ತೆ. ವಸಡು ಊದಿಕೊಂಡು ಹಲ್ಲಿನಿಂದ ಬಿಟ್ಟುಕೊಳ್ಳುತ್ತೆ. ಆ ಸಂದಿಗೆ ಪಾಕೆಟ್ ಅಂತೀವಿ. ಅದು ಆಳ ಆದಷ್ಟೂ ಬೇರನ್ನು ಹಿಡಿದ ಮೂಳೆ ಕರಗುತ್ತಾ ಹೋಗುತ್ತೆ. ಹಳ್ಳದ ದಡದಲ್ಲಿ ಅಡಿಕೆ ಮರದ ಬುಡದ ಮಣ್ಣು ಕೊಚ್ಚಿ ಹೋದ ಹಾಗೆ. ಮರ ಚೆನ್ನಾಗೇ ಇರುತ್ತೆ, ಹಿಡಿತ ಇರಲ್ಲ. ಅದಕ್ಕೇ ಹುಳುಕೇ ಇಲ್ಲದ ಹಲ್ಲೂ ಬೀಳುತ್ತೆ. ನೋವೂ ಇರಲ್ಲ, ಹಾಗಾಗಿ ಜನ ತಡವಾಗಿ ಬರ್ತಾರೆ.

ಕೆಳಗಿನ ಮುಂದಿನ ಹಲ್ಲಿಗೇ ಮೊದಲು ಯಾಕೆ ಅಂದರೆ, ನಾಲಿಗೆ ಕೆಳಗಿನ ಜೊಲ್ಲಿನ ಗ್ರಂಥಿಯ ಬಾಯಿ ಅಲ್ಲೇ ತೆರೆಯುತ್ತೆ. ಜೊಲ್ಲಿನ ಕ್ಯಾಲ್ಸಿಯಂನಿಂದ ಪಾಚಿ ಅಲ್ಲಿ ಬೇಗ ಗಟ್ಟಿಯಾಗುತ್ತೆ. ಆ ಹಲ್ಲುಗಳ ಬೇರೂ ಸಣ್ಣ, ಸುಮಾರು 12 ಮಿಲಿಮೀಟರ್. ಅರ್ಧ ಮೂಳೆ ಹೋದರೆ ಹಿಡಿದುಕೊಳ್ಳೋಕೆ ಉಳಿಯೋದು 6.

ಚಿಕ್ಕಮ್ಮ ಹೇಳಿದ್ದರ ಬಗ್ಗೆ. ಈ ಮಾತು ದಿನಾ ಕೇಳ್ತೀನಿ, ಎಷ್ಟೋ ಜನ ಇದಕ್ಕೇ ಹೆದರಿ ಹಲ್ಲು ಕಳಕೊಂಡಿದ್ದಾರೆ. ಗಟ್ಟಿ ಪಾಚಿ ಹಲ್ಲುಗಳ ಸಂದಿಯಲ್ಲೆಲ್ಲ ತುಂಬಿ ಒಂದಕ್ಕೊಂದು ಅಂಟಿಸಿರುತ್ತೆ. ಅದನ್ನು ತೆಗೆದಾಗ ಹಲ್ಲು ಸ್ವಲ್ಪ ದಿನ ಜಾಸ್ತಿ ಅಲ್ಲಾಡಿದ ಹಾಗೆ ಅನ್ನಿಸುತ್ತೆ. ಊತ ಇಳಿದು ವಸಡು ಕುಗ್ಗಿದ ಮೇಲೆ ಸಂದಿ ಕಾಣುತ್ತೆ, ತಣ್ಣೀರು ಜುಂ ಅನ್ನುತ್ತೆ. ಮೂಳೆ ಕರಗಿದ್ದು ಕ್ಲೀನಿಂಗ್‌ನಿಂದ ಅಲ್ಲ. ಅದು ವರ್ಷಗಳ ಹಿಂದೆಯೇ ಶುರುವಾಗಿತ್ತು, ಪಾಚಿ ಮುಚ್ಚಿಟ್ಟಿತ್ತು ಅಷ್ಟೇ. ಅಮ್ಮನಿಗೆ ಇದನ್ನು ಮೊದಲೇ ಹೇಳಿ ಕರೆದುಕೊಂಡು ಹೋಗಿ. ಆಮೇಲೆ ಹೇಳಿದರೆ ನಂಬಲ್ಲ.

ಚನ್ನಗಿರಿ ಮಗಳು

ತುಂಬಾ ಥ್ಯಾಂಕ್ಸ್ ಡಾಕ್ಟರೇ. ನಮ್ಮ ಹತ್ತಿರ ಮುಂದಿನ ಹಲ್ಲಿನ ಒಂದು ಚಿಕ್ಕ ಎಕ್ಸ್‌ರೇ ಮಾತ್ರ ಇದೆ. ಮೂರು ತಿಂಗಳ ಸಕ್ಕರೆ ಸರಾಸರಿ (HbA1c) 9.2 ಇದೆ. ಗಟ್ಟಿ ಆಗುತ್ತೋ ಇಲ್ಲವೋ ಅಂತ ಹೇಗೆ ಗೊತ್ತಾಗುತ್ತೆ?

ವಸಡಿನ ಡಾಕ್ಟರ್

ಎರಡು ಅಳತೆ ನೋಡ್ತೀವಿ. ಒಂದು, ಎಷ್ಟು ಅಲ್ಲಾಡುತ್ತೆ. ಎರಡು ಸಲಕರಣೆಯ ಹಿಡಿಗಳ ಮಧ್ಯೆ ಹಲ್ಲು ಹಿಡಿದು ಹಿಂದೆ ಮುಂದೆ ತಳ್ಳುತ್ತೀವಿ. 1 ಮಿಲಿಮೀಟರ್ ಒಳಗಿದ್ದರೆ ಒಂದನೇ ದರ್ಜೆ. ಅದಕ್ಕಿಂತ ಜಾಸ್ತಿ ಆದರೆ ಎರಡನೇ ದರ್ಜೆ. ಮೇಲಿಂದ ಒತ್ತಿದರೆ ಕೆಳಕ್ಕೂ ಇಳಿಯುತ್ತೆ ಅಂದರೆ ಮೂರನೇ ದರ್ಜೆ. ಅಂಥ ಹಲ್ಲು ಸಾಮಾನ್ಯವಾಗಿ ಉಳಿಯಲ್ಲ.

ಇನ್ನೊಂದು, ಪಾಕೆಟ್ ಎಷ್ಟು ಆಳ. ಗೆರೆ ಹಾಕಿದ ಸಣ್ಣ ಕಡ್ಡಿಯನ್ನು ವಸಡಿನ ಸಂದಿಗೆ ಮೆಲ್ಲಗೆ ಇಳಿಸ್ತೀವಿ. ಒಂದೊಂದು ಹಲ್ಲಿಗೂ ಆರು ಕಡೆ. ಡಾಕ್ಟರು "3, 2, 5, 6" ಅಂತ ಹೇಳ್ತಾ ಹೋದರೆ ಸಹಾಯಕರು ಚಾರ್ಟಿನಲ್ಲಿ ಬರೀತಾರೆ. 1ರಿಂದ 3 ಮಿಲಿಮೀಟರ್ ಅಂದರೆ ಆರೋಗ್ಯ. 4, 5 ಇದ್ದರೆ ಕ್ಲೀನಿಂಗ್‌ನಲ್ಲೇ ಬಹುಪಾಲು ಸುಧಾರಿಸುತ್ತೆ. 6 ದಾಟಿದ ಕಡೆ ಕೆಲವೊಮ್ಮೆ ಸರ್ಜರಿ ಬೇಕಾಗುತ್ತೆ. ನಿಮ್ಮ ಅಮ್ಮನಿಗೆ ಈ ಚಾರ್ಟ್ ಯಾರಾದರೂ ಮಾಡಿದ್ದಾರಾ? ಮಾಡದೆ ಆರು ಹಲ್ಲು ತೆಗೀಬೇಕು ಅಂದಿದ್ದರೆ ಇನ್ನೊಂದು ಅಭಿಪ್ರಾಯ ಕೇಳಿ. ಪೂರ್ತಿ ಬಾಯಿಯ ಎಕ್ಸ್‌ರೇ ಕೂಡ ಬೇಕು. ಮುಂದಿನ ಹಲ್ಲಿನ ಮೂಳೆ ಹೋಗಿದ್ದರೆ ದವಡೆ ಹಲ್ಲುಗಳ ಹತ್ತಿರವೂ ಹೋಗಿರಬಹುದು. ಅಲ್ಲಿ ಅಲ್ಲಾಟ ಬೇಗ ಗೊತ್ತಾಗಲ್ಲ.

9.2 ಜಾಸ್ತಿ ಆಯ್ತು. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ವಸಡಿನ ಕಾಯಿಲೆ ಜೋರಾಗುತ್ತೆ, ಗಾಯ ಮಾಯೋದು ತಡ. ವಸಡಿನ ಸೋಂಕಿನಿಂದ ಸಕ್ಕರೆಯೂ ಹತೋಟಿಗೆ ಬರಲ್ಲ. ಎರಡೂ ಒಂದನ್ನೊಂದು ಎಳೆಯುತ್ತವೆ. ವಸಡಿನ ಚಿಕಿತ್ಸೆ ಆದವರಲ್ಲಿ ಈ ಸರಾಸರಿ ಸುಮಾರು 0.3ರಿಂದ 0.5ರಷ್ಟು ಇಳಿಯುತ್ತೆ ಅಂತ ಅಧ್ಯಯನಗಳು ತೋರಿಸಿವೆ. ಚಿಕ್ಕದು ಅನ್ನಿಸಬಹುದು, ಆದರೆ ಹೊಸ ಮಾತ್ರೆ ಇಲ್ಲದೆ ಸಿಗೋ ಲಾಭ. ಹಾಗಾಗಿ ಸಕ್ಕರೆ ಡಾಕ್ಟರಿಗೂ ಈ ವಿಷಯ ತಿಳಿಸಿ. ಸರ್ಜರಿ, ಇಂಪ್ಲಾಂಟ್‌ಗೆ ಸಾಮಾನ್ಯವಾಗಿ 7–8ರ ಒಳಗೆ ಬರಲಿ ಅಂತ ಕಾಯ್ತೀವಿ. ಕ್ಲೀನಿಂಗ್‌ಗೆ ಕಾಯಬೇಕಿಲ್ಲ.

ಕುಂದಾಪ್ರದವ

ನಮ್ಮಲ್ಲಿ ಲವಂಗದ ಎಣ್ಣೆ, ಉಪ್ಪು ಹಾಕಿ ತಿಕ್ಕಿದರೆ ವಸಡು ಗಟ್ಟಿ ಆಗುತ್ತೆ ಅಂತಾರೆ. ಅಜ್ಜಿ ಬೇವಿನಕಡ್ಡಿಯಲ್ಲೇ ಉಜ್ಜಿದವರು, ಕೊನೆವರೆಗೂ ಹಲ್ಲು ಇತ್ತು. ಕ್ಯಾಲ್ಸಿಯಂ ಮಾತ್ರೆ ತಗೊಂಡರೆ ಆಗಲ್ವಾ ಡಾಕ್ಟರೇ?

ವಸಡಿನ ಡಾಕ್ಟರ್

ಅಜ್ಜಿ ದಿನಾ ಪಾಚಿ ತೆಗೀತಿದ್ದರು, ಅದೇ ಮುಖ್ಯ. ಕಡ್ಡಿಯಲ್ಲಾಗಲಿ ಬ್ರಷ್ಷಿನಲ್ಲಾಗಲಿ. ಲವಂಗದ ಎಣ್ಣೆ ನೋವನ್ನು ಸ್ವಲ್ಪ ಹೊತ್ತು ಮರಗಟ್ಟಿಸುತ್ತೆ, ಹಲ್ಲು ಗಟ್ಟಿ ಮಾಡಲ್ಲ. ಜಾಸ್ತಿ ಹಚ್ಚಿದರೆ ವಸಡು ಸುಡುತ್ತೆ. ಬೆಚ್ಚಗಿನ ಉಪ್ಪುನೀರು ಮುಕ್ಕಳಿಸೋದು ಒಳ್ಳೆಯದು, ಆದರೆ ಪಾಕೆಟ್ಟಿನ ತಳಕ್ಕೆ ಅದು ಹೋಗಲ್ಲ. ಉಪ್ಪು, ಇದ್ದಿಲು ಹಾಕಿ ಗಸಗಸ ತಿಕ್ಕಿದರೆ ಬೇರು ಸವೆಯುತ್ತೆ.

ಕ್ಯಾಲ್ಸಿಯಂ ಕೊರತೆಯಿಂದ ಹಲ್ಲು ಅಲ್ಲಾಡೋದಲ್ಲ. ಸೋಂಕಿನಿಂದ ಕರಗಿದ ಮೂಳೆ ಮಾತ್ರೆಯಿಂದ ವಾಪಸ್ ಬರಲ್ಲ. ಬರೀ ಆಂಟಿಬಯಾಟಿಕ್ ನುಂಗಿದರೂ ಅಷ್ಟೇ: ಪಾಚಿಯ ಪದರ ಒಡೆಯದೆ ಔಷಧ ಒಳಗೆ ಕೆಲಸ ಮಾಡಲ್ಲ. ಎರಡು ದಿನ ಊತ ಇಳಿಯುತ್ತೆ, ಮತ್ತೆ ಬರುತ್ತೆ.

ದುಬೈ ಕನ್ನಡಿಗ

ಅಣ್ಣನ ಮಾತು ನನಗೆ ಅರ್ಥ ಆಗುತ್ತೆ, ದೂರ ಇದ್ದಾಗ ಒಂದೇ ಸಲಕ್ಕೆ ಮುಗಿದರೆ ಸಾಕು ಅನ್ನಿಸುತ್ತೆ. ಆದರೆ ನಮ್ಮ ಮಾವನವರಿಗೆ ಊರಲ್ಲಿ ಒಂದು ಕಡೆ ವಸಡಿನ ಚಿಕಿತ್ಸೆ ಮಾಡದೆಯೇ ಇಂಪ್ಲಾಂಟ್ ಹಾಕಿದರು. ಪಕ್ಕದ ಹಲ್ಲಿನ ಕೀವು ಹಾಗೇ ಇತ್ತು. ಕೆಲವೇ ವರ್ಷದಲ್ಲಿ ಇಂಪ್ಲಾಂಟಿನ ಸುತ್ತಲೂ ಕೀವು ಬಂತು. ಅದೂ ಅಲ್ಲಾಡಿತು. ಸಿಗರೇಟು ಬಿಟ್ಟಿರಲಿಲ್ಲ ಬೇರೆ. ದಯವಿಟ್ಟು ಅವಸರ ಮಾಡಬೇಡಿ.

ವಸಡಿನ ಡಾಕ್ಟರ್

ನೀವು ಬರೆದದ್ದು ಎಲ್ಲರೂ ಓದಬೇಕಾದ ವಿಷಯ. ಇಂಪ್ಲಾಂಟಿಗೆ ಹುಳುಕು ಬರಲ್ಲ, ನಿಜ. ವಸಡಿನ ಕಾಯಿಲೆ ಬರುತ್ತೆ. ಹಲ್ಲನ್ನು ಕಳೆದುಕೊಂಡ ಕಾರಣ ಸರಿ ಮಾಡದೆ ಸ್ಕ್ರೂ ಕೂರಿಸಿದರೆ ಅದೇ ಕಾರಣ ಸ್ಕ್ರೂವನ್ನೂ ಸಡಿಲ ಮಾಡುತ್ತೆ. ಸಿಗರೇಟು, ಸಕ್ಕರೆ ಕಾಯಿಲೆ ಎರಡೂ ಇಂಪ್ಲಾಂಟಿಗೆ ಶತ್ರು. ಸಿಗರೇಟು ಸೇದುವವರಲ್ಲಿ ವಸಡಿನಿಂದ ರಕ್ತ ಕಡಿಮೆ ಬರುತ್ತೆ, ಅದಕ್ಕೇ ಕಾಯಿಲೆ ಗೊತ್ತೇ ಆಗಲ್ಲ.

ಇಂಪ್ಲಾಂಟ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಉಳಿಯದ ಹಲ್ಲಿನ ಜಾಗಕ್ಕೆ ಅದು ಒಳ್ಳೆಯ ದಾರಿ. ಮುಂದಿನ ನಾಲ್ಕು ಹಲ್ಲು ಹೋಗಿದ್ದರೆ ನಾಲ್ಕು ಇಂಪ್ಲಾಂಟ್ ಬೇಕಾಗಿಲ್ಲ, ಎರಡು ಹಾಕಿ ಮೇಲೆ ನಾಲ್ಕು ಹಲ್ಲಿನ ಬ್ರಿಡ್ಜ್ (ಒಂದಕ್ಕೊಂದು ಸೇರಿದ ಕೃತಕ ಹಲ್ಲಿನ ಸಾಲು) ಕೂರಿಸಬಹುದು. ಮೂಳೆಗೆ ಕಚ್ಚಿಕೊಳ್ಳೋಕೆ ಕೆಲವು ತಿಂಗಳು ಬೇಕು. ಇನ್ನು ಕೋರೆಹಲ್ಲು ಗಟ್ಟಿ ಇದ್ದರೆ ಅದರ ಮೇಲೆ ಮಾಮೂಲಿ ಬ್ರಿಡ್ಜ್ ಕಟ್ಟಬಹುದು, ಆದರೆ ಅದಕ್ಕೆ ಚೆನ್ನಾಗಿರೋ ಹಲ್ಲನ್ನು ಅರೆಯಬೇಕು. ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳೋ ಹಲ್ಲಿನ ಸೆಟ್ ಎಲ್ಲಕ್ಕಿಂತ ಅಗ್ಗ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಸರ್ಕಾರದ ದಂತಭಾಗ್ಯ ಯೋಜನೆಯಲ್ಲಿ ಹಲ್ಲಿನ ಸೆಟ್ ಉಚಿತವಾಗಿ ಕೊಡ್ತಾ ಬಂದಿದ್ದಾರೆ. ಹತ್ತಿರದ ದಂತ ಕಾಲೇಜಿನಲ್ಲಿ ವಿಚಾರಿಸಿ.

ಗದಗಿನ ರೈಡರ್

ನನ್ನದು ಬೇರೆ ಕೇಸು. ಬೈಕಿಂದ ಬಿದ್ದು ಮೇಲಿನ ಮುಂದಿನ ಹಲ್ಲು ಅಲ್ಲಾಡ್ತಾ ಇತ್ತು. ವಸಡಿನ ಕಾಯಿಲೆ ಏನೂ ಇರಲಿಲ್ಲ. ಅವತ್ತೇ ಡಾಕ್ಟರು ಪಕ್ಕದ ಹಲ್ಲುಗಳಿಗೆ ಸೇರಿಸಿ ತಂತಿ ಅಂಟಿಸಿದರು. ಗಟ್ಟಿ ಆಯಿತು. ಆಮೇಲೆ ಬಣ್ಣ ಕಪ್ಪಾಯಿತು, ರೂಟ್ ಕೆನಾಲ್ ಮಾಡಿದರು. ಹಲ್ಲು ಇನ್ನೂ ಇದೆ.

ವಸಡಿನ ಡಾಕ್ಟರ್

ಸರಿಯಾಗಿ ಮಾಡಿದ್ದಾರೆ. ಪೆಟ್ಟಿನಿಂದ ಸಡಿಲವಾದ ಹಲ್ಲಿನ ಮೂಳೆ ಕರಗಿರಲ್ಲ. ಹಿಡಿದಿಟ್ಟರೆ ಹೆಚ್ಚಾಗಿ ಗಟ್ಟಿಯಾಗುತ್ತೆ. 2ರಿಂದ 4 ವಾರ ತಂತಿ ಇರುತ್ತೆ. ಪೆಟ್ಟಿಗೆ ನರ ಸತ್ತರೆ ರೂಟ್ ಕೆನಾಲ್ ಬೇಕು, ಅದಕ್ಕೇ ಆಮೇಲೂ ತೋರಿಸ್ತಾ ಇರಬೇಕು.

ಇದನ್ನು ಓದುತ್ತಿರುವ ಎಲ್ಲರೂ ಒಂದು ನೆನಪಿಡಿ. ದೊಡ್ಡವರ ಹಲ್ಲು ಪೂರ್ತಿ ಕಿತ್ತು ಬಂದರೂ ಎಸೆಯಬೇಡಿ. ಬೇರು ಮುಟ್ಟದೆ ಮೇಲಿನ ಭಾಗ ಹಿಡಿಯಿರಿ. ಮಣ್ಣಾಗಿದ್ದರೆ ಹಾಲಿನಲ್ಲೋ ನೀರಿನಲ್ಲೋ ಒಂದು ಸಲ ಅದ್ದಿ ತೆಗೆಯಿರಿ, ಉಜ್ಜಬೇಡಿ. ಸಾಧ್ಯವಾದರೆ ಅದೇ ಗುಳಿಯಲ್ಲಿ ಕೂರಿಸಿ, ಬಟ್ಟೆ ಕಚ್ಚಿಸಿ. ಆಗದಿದ್ದರೆ ತಣ್ಣನೆ ಹಾಲಿನಲ್ಲಿ ಹಾಕಿಕೊಂಡು ಓಡಿ. ಅರ್ಧ ಗಂಟೆಯೊಳಗೆ ತಲುಪಿದರೆ ತುಂಬಾ ಒಳ್ಳೆಯದು. ಟಿಶ್ಯೂ ಪೇಪರಿನಲ್ಲಿ ಸುತ್ತಿ ತಂದರೆ ಬೇರಿನ ಮೇಲಿನ ಜೀವಕೋಶ ಒಣಗಿ ಸಾಯುತ್ತೆ. ಮಕ್ಕಳ ಹಾಲುಹಲ್ಲಿಗೆ ಮಾತ್ರ ಇದು ಬೇಡ.

ಬೆಂಗಳೂರು ಬಸವನಗುಡಿ

ನನಗೆ ರಾತ್ರಿ ಹಲ್ಲು ಕಡಿಯೋ ಅಭ್ಯಾಸ. ಒಂದು ದವಡೆ ಹಲ್ಲು ಬೆಳಿಗ್ಗೆ ಎದ್ದಾಗ ಸಡಿಲ ಅನ್ನಿಸುತ್ತೆ, ಸಂಜೆಗೆ ಸರಿ ಹೋಗುತ್ತೆ. ಇದೂ ವಸಡಿನ ಕಾಯಿಲೆನಾ?

ವಸಡಿನ ಡಾಕ್ಟರ್

ಆ ಹಲ್ಲಿನ ಮೇಲೆ ಭಾರ ಜಾಸ್ತಿ ಬೀಳುತ್ತಿರಬಹುದು. ಬೇರಿಗೂ ಮೂಳೆಗೂ ನಡುವೆ ನಾರಿನ ತೆಳು ಪದರ ಇದೆ. ಒತ್ತಡ ಜಾಸ್ತಿಯಾದರೆ ಅದು ಅಗಲವಾಗುತ್ತೆ, ಹಲ್ಲು ಅಲ್ಲಾಡುತ್ತೆ. ಹೊಸದಾಗಿ ಹಾಕಿಸಿದ ಕ್ಯಾಪ್ ಎತ್ತರ ಆದರೂ ಹೀಗೇ. ಎತ್ತರ ಸರಿ ಮಾಡಿ, ರಾತ್ರಿ ಹಾಕೋ ಗಾರ್ಡ್ ಕೊಟ್ಟರೆ ಎಷ್ಟೋ ಸಲ ತಾನಾಗೇ ಸರಿಯಾಗುತ್ತೆ. ಪಾಕೆಟ್ ಅಳತೆಯನ್ನೂ ಮಾಡಿಸಿ, ಎರಡೂ ಸೇರಿದ್ದರೆ ಬೇಗ ಕೆಡುತ್ತೆ.

ಚನ್ನಗಿರಿ ಮಗಳು

ಡಾಕ್ಟರೇ, ಕ್ಲೀನಿಂಗ್ ಆದ ಮೇಲೆ ಮುಂದೇನು ಅಂತ ಸ್ವಲ್ಪ ಬಿಡಿಸಿ ಹೇಳ್ತೀರಾ? ಅಣ್ಣನಿಗೆ ಓದಿಸಬೇಕು. ಎಲೆಅಡಿಕೆ ಬಗ್ಗೆಯೂ ಹೇಳಿ, ನಾನು ಹೇಳಿದರೆ ಅಮ್ಮ ಕೇಳಲ್ಲ.

ವಸಡಿನ ಡಾಕ್ಟರ್

ಮೊದಲು ಆಳದ ಕ್ಲೀನಿಂಗ್. ಮರಗಟ್ಟಿಸೋ ಇಂಜೆಕ್ಷನ್ ಕೊಟ್ಟು ವಸಡಿನ ಕೆಳಗೆ ಬೇರಿಗೆ ಅಂಟಿದ್ದನ್ನೆಲ್ಲ ತೆಗೀತೀವಿ. ಎರಡು ಮೂರು ಸಲ ಬರಬೇಕಾಗಬಹುದು. ಜೊತೆಗೆ ಮನೆಯಲ್ಲಿ ಸರಿಯಾಗಿ ಉಜ್ಜೋದನ್ನು ಕಲಿಸ್ತೀವಿ: ಮೆತ್ತನೆ ಬ್ರಷ್, ಹಲ್ಲು ಮತ್ತು ವಸಡು ಸೇರೋ ಗೆರೆಗೆ ಓರೆಯಾಗಿ ಇಟ್ಟು ಸಣ್ಣಗೆ ಅಲುಗಾಡಿಸೋದು. ಅಗಲವಾದ ಸಂದಿಗೆ ಬಾಟಲಿ ತೊಳೆಯೋ ಬ್ರಷ್ಷಿನ ಆಕಾರದ ಪುಟ್ಟ ಬ್ರಷ್ ಸಿಗುತ್ತೆ. ನನ್ನ ಅನುಭವದಲ್ಲಿ ಅಲ್ಲಾಡೋ ಹಲ್ಲು ಉಳಿಸೋದರಲ್ಲಿ ಇಷ್ಟು ಕೆಲಸ ಮಾಡೋದು ಬೇರೆ ಇಲ್ಲ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಕೊಟ್ಟರೆ ಹೇಳಿದಷ್ಟು ದಿನ ಮಾತ್ರ, ಜಾಸ್ತಿ ದಿನ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತೆ.

ಆಮೇಲೆ 6ರಿಂದ 12 ವಾರ ಬಿಟ್ಟು ಮತ್ತೆ ಅಳೀತೀವಿ. ಈ ಹೊತ್ತಿಗೆ ಊತ ಇಳಿದು, ನಾರು ಬಿಗಿಯಾಗಿ, ಒಂದನೇ ದರ್ಜೆಯ ಹಲ್ಲುಗಳು ಹೆಚ್ಚಾಗಿ ಗಟ್ಟಿಯಾಗಿರುತ್ತವೆ. ಎರಡನೇ ದರ್ಜೆಯವು ಕೆಲವು ಸುಧಾರಿಸುತ್ತವೆ. ಕೀಳೋ ತೀರ್ಮಾನ ಆಗ ಮಾಡಬೇಕು, ಒಂದೊಂದು ಹಲ್ಲಿಗೂ ಬೇರೆ ಬೇರೆ. ಮೂರನೇ ದರ್ಜೆಯದ್ದು, ಪದೇ ಪದೇ ಕೀವು ಬರೋದು ಮಾತ್ರ ಮೊದಲೇ ತೆಗೆಯಬೇಕಾಗಬಹುದು.

ಇನ್ನೂ ಆಳದ ಪಾಕೆಟ್ ಉಳಿದ ಕಡೆ ವಸಡು ಬಿಡಿಸಿ, ಕಣ್ಣಿಗೆ ಕಾಣುವ ಹಾಗೆ ಸ್ವಚ್ಛ ಮಾಡಿ ಹೊಲಿಯೋದು ಫ್ಲಾಪ್ ಸರ್ಜರಿ. ಬೇರಿನ ಪಕ್ಕ ಮೂಳೆಯಲ್ಲಿ ಗುಳಿ ಬಿದ್ದಿದ್ದರೆ ಅಲ್ಲಿ ಮೂಳೆ ಪುಡಿ ತುಂಬಬಹುದು. ಮೂಳೆ ಸಮವಾಗಿ ತಗ್ಗಿಹೋಗಿದ್ದರೆ ಪುಡಿ ನಿಲ್ಲಲ್ಲ, ಅಲ್ಲಿ ದುಡ್ಡು ಹಾಕಿ ಪ್ರಯೋಜನ ಇಲ್ಲ.

ಮೇಷ್ಟ್ರು ಹೇಳಿದ ತಂತಿಗೆ ಸ್ಪ್ಲಿಂಟ್ ಅಂತಾರೆ. ಅಲ್ಲಾಡೋ ಹಲ್ಲುಗಳನ್ನು ಕೋರೆಹಲ್ಲಿಂದ ಕೋರೆಹಲ್ಲಿಗೆ ಸೇರಿಸಿ ಹಿಂದೆ ತಂತಿ ಅಥವಾ ಫೈಬರ್ ಪಟ್ಟಿ ಇಟ್ಟು, ಹಲ್ಲಿನ ಬಣ್ಣದ ಸಿಮೆಂಟಿನಲ್ಲಿ ಅಂಟಿಸ್ತೀವಿ. ಭಾರ ಹಂಚಿಹೋಗುತ್ತೆ, ಅಗಿಯೋಕೆ ಧೈರ್ಯ ಬರುತ್ತೆ. ಆದರೆ ಇದು ಕಾಯಿಲೆ ವಾಸಿ ಮಾಡಲ್ಲ. ಪಾಚಿ ತೆಗೆಯದೆ ಬರೀ ತಂತಿ ಕಟ್ಟಿಸಿಕೊಂಡು ಬಂದವರಲ್ಲಿ ಸಾಲುಪೂರ್ತಿ ಹಲ್ಲು ಒಟ್ಟಿಗೇ ಅಲ್ಲಾಡೋದನ್ನು ನೋಡಿದ್ದೀನಿ.

ಇಷ್ಟೆಲ್ಲ ಆದ ಮೇಲೂ ಮೂರು ತಿಂಗಳಿಗೊಮ್ಮೆ ಬರಬೇಕು. ಇದನ್ನು ಅಣ್ಣನಿಗೆ ಒತ್ತಿ ಹೇಳಿ. ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ನಲ್ಲಿ ಹೀಗೆ ಕ್ರಮವಾಗಿ ಬಂದು ಸ್ವಚ್ಛ ಮಾಡಿಸಿಕೊಂಡವರನ್ನು 30 ವರ್ಷ ನೋಡಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಅಷ್ಟು ವರ್ಷದಲ್ಲಿ ಅವರು ಕಳೆದುಕೊಂಡದ್ದು ಸರಾಸರಿ ಎರಡು ಹಲ್ಲಿಗಿಂತ ಕಡಿಮೆ. ಅವರೆಲ್ಲ ನಿಮ್ಮ ಅಮ್ಮನ ಹಾಗೆ ಕಾಯಿಲೆ ಮುಂದುವರಿದವರಲ್ಲ, ನಿಜ. ಆದರೆ ಬಿಡದೆ ಬಂದರೆ ಏನಾಗುತ್ತೆ ಅಂತ ಅದರಿಂದ ಗೊತ್ತಾಗುತ್ತೆ.

ಎಲೆಅಡಿಕೆ. ಅಡಿಕೆಯೇ ನಿಮ್ಮ ಕಡೆಯ ಬದುಕು ಅಂತ ಗೊತ್ತು, ಬೆಳೆಗಾರರ ಮನಸ್ಸು ನೋಯಿಸೋಕೆ ಹೇಳ್ತಿಲ್ಲ. ಹೊಗೆಸೊಪ್ಪು ಇಲ್ಲದ ಎಲೆಅಡಿಕೆಯೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಸುಣ್ಣ, ಅಡಿಕೆ ಚೂರು ವಸಡಿಗೂ ಒಳ್ಳೆಯದಲ್ಲ. ಬಾಯಲ್ಲಿ ಮಾಯದ ಹುಣ್ಣು, ಬಿಳಿ ಮಚ್ಚೆ, ಬಾಯಿ ಪೂರ್ತಿ ತೆರೆಯೋಕೆ ಆಗದಿರೋದು, ಅಥವಾ ಕಾರಣವೇ ಇಲ್ಲದೆ ಒಂದೇ ಹಲ್ಲು ಏಕಾಏಕಿ ಅಲ್ಲಾಡೋದು ಇದ್ದರೆ ವಾರ ಕಾಯಬೇಡಿ, ತಕ್ಷಣ ತೋರಿಸಿ.

ಶಿವಮೊಗ್ಗ ಮೇಷ್ಟ್ರು

ಖರ್ಚಿನ ಚಿಂತೆ ಇದ್ದರೆ ದಂತ ಕಾಲೇಜುಗಳಲ್ಲಿ ತೋರಿಸಿ. ನಿಮಗೆ ದಾವಣಗೆರೆ ಹತ್ತಿರ, ಅಲ್ಲಿ ಬಾಪೂಜಿ ದಂತ ಕಾಲೇಜು ಇದೆ. ಧಾರವಾಡ ಕಡೆಯವರಿಗೆ ಅಲ್ಲಿನ ಎಸ್‌ಡಿಎಂ ದಂತ ಕಾಲೇಜು, ಬೆಂಗಳೂರಿನವರಿಗೆ ವಿಕ್ಟೋರಿಯಾ ಆಸ್ಪತ್ರೆ ಹತ್ತಿರದ ಸರ್ಕಾರಿ ದಂತ ಕಾಲೇಜು. ಸರದಿ ಕಾಯಬೇಕು, ನಿಜ. ಪಿಜಿ ಮಾಡೋ ಹುಡುಗರು ನಿಧಾನವಾಗಿ, ಒಂದೊಂದು ಹಲ್ಲೂ ಅಳೆದು ನೋಡ್ತಾರೆ.

ಹಾಸನದ ಸೊಸೆ

ನಮ್ಮ ಮಾವನವರಿಗೆ ಸ್ಟೆಂಟ್ ಹಾಕಿದೆ, ರಕ್ತ ತೆಳು ಮಾಡೋ ಮಾತ್ರೆ ತಗೋತಾರೆ. ಕ್ಲೀನಿಂಗ್‌ಗೆ ಮುಂಚೆ ಮಾತ್ರೆ ನಿಲ್ಲಿಸಬೇಕಾ?

ವಸಡಿನ ಡಾಕ್ಟರ್

ನೀವಾಗೇ ನಿಲ್ಲಿಸಲೇಬೇಡಿ. ಸ್ಟೆಂಟ್ ಮುಚ್ಚಿಕೊಳ್ಳೋ ಅಪಾಯ ವಸಡಿನ ರಕ್ತಕ್ಕಿಂತ ಎಷ್ಟೋ ದೊಡ್ಡದು. ಹೆಚ್ಚಿನ ಸಲ ಮಾತ್ರೆ ನಡೆಯುತ್ತಿರುವಾಗಲೇ ಕ್ಲೀನಿಂಗ್ ಮಾಡ್ತೀವಿ. ಮಾತ್ರೆಯ ಚೀಟಿ ತಗೊಂಡು ಹೋಗಿ, ಹಲ್ಲಿನ ಡಾಕ್ಟರು ಹೃದಯದ ಡಾಕ್ಟರ ಹತ್ತಿರ ಮಾತಾಡ್ತಾರೆ. ಬಿಪಿಗೆ ಅಮ್ಲೋಡಿಪಿನ್ ಇದ್ದರೂ ಹೇಳಿ, ಅದರಿಂದ ಕೆಲವರಿಗೆ ವಸಡು ಊದಿಕೊಂಡು ಬೆಳೆಯುತ್ತೆ. ಮೂಳೆ ಸವೆತಕ್ಕೆ ಇಂಜೆಕ್ಷನ್ ತಗೊಂಡವರು ಹಲ್ಲು ಕೀಳಿಸೋ ಮುಂಚೆ ತಪ್ಪದೆ ತಿಳಿಸಬೇಕು.

ಚನ್ನಗಿರಿ ಮಗಳು

ಎಲ್ಲರಿಗೂ ಅಪ್‌ಡೇಟ್. ಅಮ್ಮನನ್ನು ದಂತ ಕಾಲೇಜಿಗೆ ಕರೆದುಕೊಂಡು ಹೋಗಿ ಚಾರ್ಟ್ ಮಾಡಿಸಿದೆವು. ಕೋರೆಹಲ್ಲು ಎರಡೂ ಗಟ್ಟಿ ಇವೆ. ಮೂರು ಹಲ್ಲಿಗೆ ಪಾಕೆಟ್ 5, 6 ಇದೆ, ಅವನ್ನು ಉಳಿಸಬಹುದು ಅಂದರು. ನಾಲಿಗೆ ತಾಗಿದರೆ ಬಾಗೋದು ಮಾತ್ರ ಮೂರನೇ ದರ್ಜೆ, ತೆಗೆಯಲೇಬೇಕಂತೆ. ಆರು ಕೀಳೋ ಮಾತು ಒಂದಕ್ಕೆ ಇಳಿಯಿತು! ಕ್ಲೀನಿಂಗ್ ಶುರುವಾಗಿದೆ, ಸಕ್ಕರೆ ಡಾಕ್ಟರು ಮಾತ್ರೆ ಬದಲಾಯಿಸಿದ್ದಾರೆ. ಅಣ್ಣನೂ ಚಾರ್ಟ್ ನೋಡಿ ಒಪ್ಪಿದ.

ಒಂದು ಅರ್ಥ ಆಗಲಿಲ್ಲ. ತೆಗೆದ ಹಲ್ಲಿನ ಬೇರು ಕತ್ತರಿಸಿ, ಅದೇ ಹಲ್ಲನ್ನು ತಂತಿಗೆ ಅಂಟಿಸ್ತೀವಿ ಅಂದರು. ಹಾಗೂ ಮಾಡ್ತಾರಾ?

ವಸಡಿನ ಡಾಕ್ಟರ್

ಓದಿ ಖುಷಿ ಆಯ್ತು. ಹೌದು, ಮಾಡ್ತಾರೆ, ನನಗೆ ಇಷ್ಟದ ವಿಧಾನ ಅದು. ಬೇರು ತೆಗೆದು, ನರದ ಜಾಗ ಮುಚ್ಚಿ, ಮೇಲಿನ ಭಾಗವನ್ನು ಸ್ಪ್ಲಿಂಟಿಗೆ ಅಂಟಿಸ್ತಾರೆ. ಬಣ್ಣ, ಆಕಾರ ಅಮ್ಮನದ್ದೇ. ಬೊಚ್ಚಾಗಿ ಕಾಣೋ ದಿನವೇ ಬರಲ್ಲ, ಪಕ್ಕದ ಹಲ್ಲು ಅರೆಯೋದೂ ಬೇಡ. ಗಾಯ ಮಾಯ್ದ ಮೇಲೆ ವಸಡು ತಗ್ಗಿ ಕೆಳಗೆ ಸ್ವಲ್ಪ ಸಂದಿ ಬರುತ್ತೆ, ಆಗ ಸಿಮೆಂಟ್ ಹಾಕಿ ಸರಿ ಮಾಡಿಸಿಕೊಳ್ಳಿ.

ಸೀಬೆಕಾಯಿ, ಜೋಳ ಮುಂದಿನ ಹಲ್ಲಲ್ಲಿ ಕಚ್ಚೋದು ಬೇಡ, ಹೆಚ್ಚಿ ತಿನ್ನಲಿ. ತಂತಿಯ ಕೆಳಗೆ ಆ ಪುಟ್ಟ ಬ್ರಷ್ ರಾತ್ರಿ ಮಲಗೋ ಮುಂಚೆ ಹೋಗಲೇಬೇಕು. ಯಾವ ಸಂದಿಗೆ ಯಾವ ಅಳತೆಯ ಬ್ರಷ್ ಅಂತ ಮುಂದಿನ ಸಲ ಹೋದಾಗ ಅಮ್ಮನ ಕೈಯಲ್ಲೇ ಮಾಡಿಸಿ ತೋರಿಸೋಕೆ ಹೇಳಿ. ತಂತಿ ಒಂದು ಕಡೆ ಬಿಟ್ಟುಕೊಂಡ ಹಾಗೆ ಅನ್ನಿಸಿದರೆ ಅದೇ ವಾರ ಹೋಗಿ ಅಂಟಿಸಿಕೊಂಡು ಬನ್ನಿ.